ಊರಿಗೆಲ್ಲ ಚೊಕ್ಕವಾದ ಕೈ

ಸಿದ್ದಮಲ್ಲಪ್ಪನವರಿಗೆ ಅವರದೇ ಹೊಲದಲ್ಲಿ ನಿಂತು "ಎಲೆ ಮುಟ್ಟಬೇಡಿ" ಎಂದವಳು ನಾನು. ಹೇಳಿದ್ದು ಸರಿ, ಹೇಳಿದ ರೀತಿ ತಪ್ಪು. ಮೆತ್ತಗೆ ಹೇಳುವ ಕಲೆ ನನಗೆ ಹುಟ್ಟಿನಿಂದಲೇ ಬಂದಿಲ್ಲ. ಶಿವರಂಜಿನಿ ಬಾಯಿ ತೆಗೆದರೆ ಒಲೆಯ ಮೇಲಿನ ಹಾಲೂ ಒಡೆಯುತ್ತದೆ ಎಂದು ಕುದೇರಿನಲ್ಲಿ ನಮ್ಮವ್ವ ಈಗಲೂ ಬಂದವರಿಗೆಲ್ಲ ಹೇಳುತ್ತಿರುತ್ತಾಳೆ.

ಅದು 2007ರ ಮಾರ್ಚ್. ಗುಂಡ್ಲುಪೇಟೆಯಿಂದ ಗೋಪಾಲಸ್ವಾಮಿ ಬೆಟ್ಟದ ಕಡೆ ಹೋಗುವ ಬಸ್ಸಿಳಿದು ಎರಡು ಫರ್ಲಾಂಗು ನಡೆದರೆ ಸಿದ್ದಮಲ್ಲಪ್ಪನವರ ತೋಟದ ಮನೆ, ಮನೆಯ ಮುಂದೆಯೇ ಹೊಲ. ಎರಡು ಬೋರ್‌ವೆಲ್ ಇದ್ದ, ಅರಿಸಿನದಲ್ಲಿ ಚೆನ್ನಾಗಿ ಕೈ ಹತ್ತಿದ್ದ ಕುಳ. ಅವರು ಹತ್ತು ಗುಂಟೆಯನ್ನು ಚಾಮರಾಜನಗರದ ನಮ್ಮ ಸಂಶೋಧನಾ ಕೇಂದ್ರಕ್ಕೆ ಒಂದು ಬೇಸಿಗೆಯ ಮಟ್ಟಿಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ನಾನು ಊರ ರಾಗಿಯನ್ನೂ ಸರ್ಕಾರಿ ರಾಗಿಯನ್ನೂ ಪಕ್ಕಪಕ್ಕದಲ್ಲಿ ಬೆಳೆಸಿ, ಮೊಣಕಾಲುದ್ದ ಬಂದ ಮೇಲೆ ನೀರು ನಿಲ್ಲಿಸಿದ್ದೆ. ಇಪ್ಪತ್ತೊಂದು ದಿನ ಒಂದು ಹನಿ ಬೀಳಬಾರದು. ವಾರಕ್ಕೊಮ್ಮೆ ಗುರುತಿನ ಗಿಡಗಳ ಎಲೆ ಕಿತ್ತು, ಹೊಗೆಯಾಡುವ ದ್ರವ ಸಾರಜನಕದ ಕ್ಯಾನಿನಲ್ಲಿ ಮುಳುಗಿಸಿ, ಚಾಮರಾಜನಗರಕ್ಕೆ ಒಯ್ಯಬೇಕು. ನನ್ನ ಫೆಲೋಶಿಪ್ಪು ತಿಂಗಳ ಕೊನೆಗೆ ಮುಗಿಯುತ್ತಿತ್ತು. ಇಪ್ಪತ್ತೊಂದನೆಯ ದಿನದ ಎಲೆ ಸಿಕ್ಕರೆ ನಾನು ಡಾಕ್ಟರು, ಸಿಗದಿದ್ದರೆ ನಾಲ್ಕು ವರ್ಷದ ಕೆಲಸ ಮಣ್ಣುಪಾಲು. ಹೀಗೆ, ರೈತನೊಬ್ಬನ ಮುಂದೆ ನಿಂತು ದಯವಿಟ್ಟು ನಿಮ್ಮ ಬೆಳೆಗೆ ನೀರು ಹಾಯಿಸಬೇಡಿ ಎಂದು ಕೈಮುಗಿಯುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಬಿತ್ತನೆಗೆಂದು ಹೋದ ಮೊದಲ ದಿನ ಜಗಲಿಯಲ್ಲಿ ಕೂತು ನಾನು ಎಲ್ಲವನ್ನೂ ವಿವರಿಸಿದೆ. ಎಲೆಯ ಒಂದೊಂದು ಜೀವಕಣದಲ್ಲೂ ಅದು ಮಾಡು, ಇದು ಕಟ್ಟು ಎಂಬ ಅಪ್ಪಣೆಗಳು ಆರ್‌ಎನ್‌ಎ ಎಂಬ ಉದ್ದುದ್ದ ಚೀಟಿಗಳಾಗಿ ಓಡಾಡುತ್ತಿರುತ್ತವೆ. ಅವುಗಳ ನಡುವೆ ಬರೀ ಇಪ್ಪತ್ತೊಂದು ಅಕ್ಷರದ ಪುಟ್ಟ ಆರ್‌ಎನ್‌ಎಗಳಿವೆ. ಅವು ಏನನ್ನೂ ಕಟ್ಟುವುದಿಲ್ಲ. ಯಾವುದಾದರೂ ಅಪ್ಪಣೆಗೆ ಹೋಗಿ ಅಂಟಿಕೊಂಡು ಅದನ್ನು ನಿಲ್ಲಿಸುವುದಷ್ಟೇ ಅವುಗಳ ಕೆಲಸ. ನೀರಿಲ್ಲದಾಗ ಬೆಳೆಯುವ ಅಪ್ಪಣೆಗಳನ್ನು ಹೀಗೆ ತಡೆದು ಗಿಡ ತಾಳಿಕೊಳ್ಳುತ್ತದೆ, ನೀರು ಬಂದಾಗ ಮತ್ತೆ ಬಿಡುತ್ತದೆ. ಊರ ರಾಗಿ ಹೆಚ್ಚು ತಾಳುವುದು ಇದರಿಂದಲೇ ಇರಬಹುದೇ ಎಂದು ನಾನು ಹುಡುಕುತ್ತಿದ್ದೇನೆ ಎಂದೆ.

ಸಿದ್ದಮಲ್ಲಪ್ಪ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಜಗಲಿಯ ಆ ತುದಿಯಲ್ಲಿ ಕಂಬಕ್ಕೊರಗಿ ಕೂತಿದ್ದ ತಾಯಿಯ ಕಡೆ ನೋಡಿ ಹೇಳಿದರು:

"ಅಂದ್ರೆ ನಮ್ಮವ್ವ ಇದ್ದಂಗೆ ಅನ್ನಿ."

ಎಂಟು ವರ್ಷ ಓದಿದ ನನಗೆ ಹೊಳೆಯದ ಹೋಲಿಕೆ ಅದು. ಚಿಕ್ಕಮಲ್ಲಮ್ಮನಿಗೆ ಎಂಬತ್ತು ದಾಟಿತ್ತು, ಆಳು ನಾಲ್ಕಡಿ ಇದ್ದರೆ ಹೆಚ್ಚು. ಗಂಡ ತೀರಿಕೊಂಡ ನಲವತ್ತು ವರ್ಷದಿಂದ ಆಕೆ ಆ ಮನೆಯಲ್ಲಿ ಆಡುತ್ತಿದ್ದದ್ದು ಒಂದೇ ಮಾತು: "ಬ್ಯಾಡ." ಟ್ರ್ಯಾಕ್ಟರ್ ತರುತ್ತೇನೆಂದರೆ ಬ್ಯಾಡ, ಮಂಡಲ ಪಂಚಾಯ್ತಿಗೆ ನಿಲ್ಲುತ್ತೇನೆಂದರೆ ಬ್ಯಾಡ, ಊಟಕ್ಕೆ ಇನ್ನೊಂದು ಮುದ್ದೆ ಎಂದರೂ ಬ್ಯಾಡ. ಯಾಕೆ ಎಂದು ಒಮ್ಮೆಯೂ ಹೇಳಿದವಳಲ್ಲ. ಆದರೂ ಮನೆ ನಡೆಯುತ್ತಿತ್ತು, ಊರಿನ ಅರ್ಧ ಮನೆಗಳಿಗಿಂತ ಚೆನ್ನಾಗಿಯೇ ನಡೆಯುತ್ತಿತ್ತು.

ಆವತ್ತೇ ಇನ್ನೊಂದು ಮಾತೂ ನಡೆಯಿತು. ನಿಮ್ಮದು ಯಾವೂರು ಎಂದರು ಸಿದ್ದಮಲ್ಲಪ್ಪ. ಕುದೇರು ಎಂದೆ. ಕುದೇರಿನಲ್ಲಿ ಯಾವ ಬೀದಿ ಎಂದರು. ನಮ್ಮ ಸೀಮೆಯಲ್ಲಿ ಬೀದಿ ಕೇಳುವುದು ದಾರಿ ತಿಳಿದುಕೊಳ್ಳಲಿಕ್ಕಲ್ಲ. ಬಸ್‌ಸ್ಟ್ಯಾಂಡಿಗೆ ಹತ್ತಿರ ಎಂದೆ. ಅವರು ಬೇರೇನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಚಿಕ್ಕಮಲ್ಲಮ್ಮ ಒಳಗಿನ ಕಡೆ ಕೈಸನ್ನೆ ಮಾಡಿದಳು. ಕುಡಿದು ಬಿಸಾಡುವ ಪ್ಲಾಸ್ಟಿಕ್ ಲೋಟದಲ್ಲಿ ನೀರು ಬಂತು, ಜಗಲಿಯ ಅಂಚಿನಲ್ಲಿ ಕೂತಿತು. ಅಟ್ಟದ ಮೇಲೆ ಹಿತ್ತಾಳೆ ಚೊಂಬುಗಳು ಸಾಲಾಗಿ ಹೊಳೆಯುತ್ತಿದ್ದವು. ನನಗೆ ಮೈಯೆಲ್ಲ ಉರಿಯಿತು. ಆದರೆ ಹತ್ತು ಗುಂಟೆ ರಾಗಿ ಬೇಕಿತ್ತು, ಕುಡಿದೆ. ಹೊಲ ಕಾಯಲು ಗೊತ್ತುಮಾಡಿದ್ದ ರಾಚಯ್ಯನಿಗೂ ಅಂಥದೇ ಲೋಟ ಬಂತು. ಅವನು ನನ್ನ ಲೋಟ ನೋಡಿದ, ನನ್ನನ್ನು ನೋಡಿದ, ಆವತ್ತಿನಿಂದ ಯಾರೂ ಇಲ್ಲದಾಗ ನನ್ನನ್ನು ಮೇಡಮ್ಮು ಎನ್ನುವುದು ಬಿಟ್ಟು "ಕೂಸೆ" ಎಂದು ಕರೆಯತೊಡಗಿದ.

ಇನ್ನು ಗಲಾಟೆಗೆ ಬರುತ್ತೇನೆ. ನೀರು ನಿಲ್ಲಿಸಿದ ಏಳನೆಯ ದಿನ ಎಲೆ ಕೀಳುವಾಗ ಸಿದ್ದಮಲ್ಲಪ್ಪ ಸಹಾಯ ಮಾಡಲೆಂದು ಬಗ್ಗಿ ಕೈ ಹಾಕಿದರು. ನಾನು ಮುಟ್ಟಬೇಡಿ ಎಂದೆ. ಯಾಕೆ ಎಂದರು. ಮನುಷ್ಯರ ಬೆರಳಿನ ಮೇಲೆ ಆರ್‌ಎನ್‌ಎಯನ್ನು ತಿಂದುಹಾಕುವ ಒಂದು ವಸ್ತು ಇರುತ್ತದೆ, ಎಂಜಲಿನಲ್ಲೂ ಇರುತ್ತದೆ, ಸೋಪು ಹಾಕಿ ತೊಳೆದರೂ ಪೂರ್ತಿ ಹೋಗುವುದಿಲ್ಲ, ಅದಕ್ಕೇ ಈ ರಬ್ಬರ್ ಗ್ಲೌಸು, ಈ ಬಾಯಿಬಟ್ಟೆ ಎಂದೆ. ಅವರು ನೆಟ್ಟಗೆ ನಿಂತು ತಮ್ಮ ಎಡಗೈ ಚಾಚಿ ತೋರಿಸಿದರು.

"ದಿನಾ ಬೆಳಿಗ್ಗೆ ಲಿಂಗ ಇಡಿಯೋ ಕೈ ಕಣ್ರೀ ಇದು."

ಅಲ್ಲಿಗೆ ಸುಮ್ಮನಾಗಿದ್ದರೆ ಆಗುತ್ತಿತ್ತು. ಪ್ಲಾಸ್ಟಿಕ್ ಲೋಟ ಇನ್ನೂ ಗಂಟಲಲ್ಲೇ ಇತ್ತೋ ಏನೋ, ಇದಕ್ಕೆ ಎಲ್ಲ ಕೈಯೂ ಒಂದೇ, ನಿಮ್ಮದು, ನನ್ನದು, ರಾಚಯ್ಯನದು ಎಂದುಬಿಟ್ಟೆ. ರಾಚಯ್ಯ ಕಳೆ ಕೀಳುವುದನ್ನು ನಿಲ್ಲಿಸಿ ತನ್ನ ಕೈಯನ್ನು ಹಿಂದುಮುಂದು ತಿರುಗಿಸಿ ನೋಡಿಕೊಂಡ.

ಸಂಜೆಯೊಳಗೆ ಮಾತು ಟೀ ಅಂಗಡಿ ಮುಟ್ಟಿತು. ಬೆಳಗಾಗುವುದರಲ್ಲಿ ಅದಕ್ಕೆ ಬಾಲ ಬಂದಿತ್ತು: ಯಾರ ಕೈ ಎಷ್ಟು ಮೈಲಿಗೆ ಎಂದು ಸರ್ಕಾರ ಅಳೆಯಲು ಹೊರಟಿದೆ, ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಮೊದಲು ನಮ್ಮೂರಿಗೇ ಬಂದಿದೆ. ಒಂಬತ್ತನೆಯ ದಿನ ಗಿಡದ ಎತ್ತರ ಅಳೆಯಲು ಹೋದರೆ ಬದುವಿನ ಮೇಲೆ ಮೂವತ್ತು ಜನ ಸಾಲು ನಿಂತಿದ್ದರು. ಹುಣಸೆಹಣ್ಣು ಹಾಕಿ ಉಜ್ಜಿಕೊಂಡವರು, ನಿಂಬೆಹಣ್ಣು ಹಿಂಡಿಕೊಂಡವರು. ಹೆಡ್‌ಮಾಸ್ಟರು ಡೆಟಾಲ್ ವಾಸನೆ ಹೊಡೆಯುತ್ತಿದ್ದರು. ಕೈಗಳನ್ನು ಮುಂದಕ್ಕೆ ಚಾಚಿ, ಎಲ್ಲೂ ತಾಗಿಸದೆ, ಆಪರೇಷನ್ನಿಗೆ ಹೊರಟ ಡಾಕ್ಟರುಗಳ ಹಾಗೆ ನಿಂತಿದ್ದರು. ಒಬ್ಬನಿಗೆ ಸೊಳ್ಳೆ ಕಚ್ಚುತ್ತಿತ್ತು, ಕೈ ಕೆಡುತ್ತದೆಂದು ಹೊಡೆದುಕೊಳ್ಳಲೂ ಇಲ್ಲ.

ಸಿದ್ದಮಲ್ಲಪ್ಪ ನನ್ನನ್ನು ಪಂಪ್‌ಮನೆಯ ಹತ್ತಿರ ಕರೆದು ಶಾಂತವಾಗಿಯೇ ಮಾತಾಡಿದರು. ಊರ ಮುಂದೆ ತಮ್ಮ ಕೈ ರಾಚಯ್ಯನ ಕೈಗೆ ಸಮ ಎಂದಾಗಿದೆ. ಅದನ್ನು ಪರೀಕ್ಷೆ ಮಾಡಿ, ಸಮವಲ್ಲ ಎಂದು ಮೊಹರು ಹಾಕಿ ಬರೆದುಕೊಡಬೇಕು. ಇಲ್ಲದಿದ್ದರೆ ಅವರೇನೂ ಕೆಟ್ಟದ್ದು ಮಾಡುವುದಿಲ್ಲ, ತಮ್ಮ ಹೊಲಕ್ಕೆ ತಾವು ನೀರು ಬಿಟ್ಟುಕೊಳ್ಳುತ್ತಾರೆ, ಅಷ್ಟೆ. ಹಾಗೆನ್ನುತ್ತ ಸ್ಟಾರ್ಟರಿನ ಹಸಿರು ಗುಂಡಿಯ ಮೇಲಿನ ಧೂಳನ್ನು ಬೆರಳಲ್ಲಿ ಒರೆಸಿದರು. ಬೆಳೆಗೆ ನೀರು ಹಾಯಿಸುತ್ತೇನೆಂಬ ಮಾತಿಗೆ ಹೆದರಿದ್ದು ಕರ್ನಾಟಕದಲ್ಲಿ ನಾನೊಬ್ಬಳೇ ಇರಬೇಕು.

ನಮ್ಮ ಕೇಂದ್ರದ ಮುಖ್ಯಸ್ಥರು ನೀಲಕಂಠಸ್ವಾಮಿಯವರು. ಫೈಲಿನಲ್ಲಿ ಇಲ್ಲದ್ದು ಲೋಕದಲ್ಲಿ ಇಲ್ಲ ಎಂದು ನಂಬಿದ ಮನುಷ್ಯ. ನಾನು ಅಳುಮುಖದಲ್ಲಿ ಹೇಳಿದ್ದನ್ನೆಲ್ಲ ಕೇಳಿ ಅವರಿಗೆ ಸಂತೋಷವೇ ಆಯಿತು. ವಾರ್ಷಿಕ ವರದಿಯಲ್ಲಿ ರೈತರ ಸಹಭಾಗಿತ್ವ ಎಂಬ ಕಾಲಂ ಮೂರು ವರ್ಷದಿಂದ ಖಾಲಿ ಬಿದ್ದಿತ್ತಂತೆ. ಮಾಡಿ ಎಂದರು.

ಮಾಡಿದೆ. ಮೂವತ್ತು ಜನಕ್ಕೆ ಸಾಮಾನು ಸಾಲದು, ಆರು ಪುಟ್ಟ ಟ್ಯೂಬುಗಳಲ್ಲಿ ರಾಗಿ ಎಲೆಯಿಂದ ತೆಗೆದ ಆರ್‌ಎನ್‌ಎ ನೀರು ಹಾಕಿ, ಹಳೆಯ ಐಸ್‌ಕ್ರೀಮ್ ಡಬ್ಬದಲ್ಲಿ ಐಸಿನ ಮೇಲೆ ಕೂರಿಸಿ ಹೊಲಕ್ಕೆ ಒಯ್ದೆ. ಒಂದನೆಯದನ್ನು ಯಾರೂ ಮುಟ್ಟಬಾರದು. ಎರಡನೆಯದು ಸಿದ್ದಮಲ್ಲಪ್ಪ, ಮೂರು ರಾಚಯ್ಯ, ನಾಲ್ಕು ಹೆಡ್‌ಮಾಸ್ಟರು, ಐದು ಟೀ ಅಂಗಡಿಯವರು, ಆರು ನಾನು. ಪ್ರತಿಯೊಬ್ಬರೂ ಕಡ್ಡಿಯೊಂದರ ತುದಿಯನ್ನು ಬೆರಳುಗಳಲ್ಲಿ ಚೆನ್ನಾಗಿ ಹೊಸಕಿ ಟ್ಯೂಬಿನಲ್ಲಿ ಅದ್ದಿ ತೆಗೆಯಬೇಕು. ಸಿದ್ದಮಲ್ಲಪ್ಪ ಉಪವಾಸವಿದ್ದು, ತಲೆಗೆ ನೀರು ಹಾಕಿಕೊಂಡು, ಅಂಗೈಗೂ ಬೆರಳಿಗೂ ಗಟ್ಟಿಯಾಗಿ ವಿಭೂತಿ ಬಳಿದುಕೊಂಡು ಬಂದಿದ್ದರು. ಅವರು ಅದ್ದಿದಾಗ ಟ್ಯೂಬು ಮಜ್ಜಿಗೆಯಂತೆ ಬೆಳ್ಳಗಾಯಿತು. ಚಿಕ್ಕಮಲ್ಲಮ್ಮನನ್ನೂ ಯಾರೋ ಕರೆದರು. ಬ್ಯಾಡ ಎಂದಳು.

ಚಾಮರಾಜನಗರಕ್ಕೆ ಬರುವ ಬಸ್ಸು ದಾರಿಯಲ್ಲಿ ಎರಡು ಸಲ ಕೆಟ್ಟಿತು, ಐಸು ಕರಗಿ ಟ್ಯೂಬುಗಳು ಬಿಸಿಲಲ್ಲಿ ತೇಲಿದವು. ಮಧ್ಯಾಹ್ನದ ಮೇಲೆ ಲ್ಯಾಬಿನಲ್ಲಿ ಅವನ್ನು ಕರೆಂಟು ಹಾಯಿಸಿದ ಜೆಲ್ಲಿನ ಮೇಲೆ ಓಡಿಸಿ ಫೋಟೋ ತೆಗೆದೆ; ಕೆಡದ ಆರ್‌ಎನ್‌ಎ ಅದರಲ್ಲಿ ಗೆರೆಗಳಾಗಿ ಕಾಣುತ್ತದೆ. ಕಪ್ಪು ಹಾಳೆಯಲ್ಲಿ ಆರು ಸಾಲು. ಯಾರೂ ಮುಟ್ಟದ ಮೊದಲನೆಯದರಲ್ಲಿ ಮೂರು ಬಿಳಿ ಗೆರೆಗಳು ಸ್ಪಷ್ಟವಾಗಿ ಕಂಡವು. ರಾಚಯ್ಯ, ಹೆಡ್‌ಮಾಸ್ಟರು, ಟೀ ಅಂಗಡಿ, ನಾನು, ಈ ನಾಲ್ಕು ಸಾಲುಗಳಲ್ಲಿ ಗೆರೆಗಳು ಒಡೆದು ಬಿಳಿಯ ಕಲೆಯಾಗಿ ಜಾರಿದ್ದವು, ಒಂದಕ್ಕೊಂದು ವ್ಯತ್ಯಾಸವೇ ಇಲ್ಲ. ಸಿದ್ದಮಲ್ಲಪ್ಪನವರ ಸಾಲಿನಲ್ಲಿ ಏನೂ ಇರಲಿಲ್ಲ. ಬೂದಿ ಎಂದರೆ ಕ್ಷಾರ, ಕ್ಷಾರ ತಾಗಿ ಬಿಸಿಲಲ್ಲಿ ಕೂತರೆ ಆರ್‌ಎನ್‌ಎ ಪೂರ್ತಿ ಕರಗಿಹೋಗುತ್ತದೆ. ಉಳಿದವರ ಕೈ ಒಡೆದುಹಾಕಿತ್ತು, ಅವರ ಕೈ ಹೇಳಹೆಸರಿಲ್ಲದಂತೆ ಮಾಡಿತ್ತು. ಇದನ್ನು ಅವರಿಗೆ ಹೇಗೆ ಹೇಳುವುದೆಂದು ನಾಲ್ಕು ದಿನ ಸರಿಯಾಗಿ ಊಟ ಸೇರಲಿಲ್ಲ.

ಹೇಳುವ ಪ್ರಸಂಗವೇ ಬರಲಿಲ್ಲ. ಹದಿನಾಲ್ಕನೆಯ ದಿನ ಎಲೆ ಕಿತ್ತುಕೊಂಡು ಜಗಲಿಗೆ ಬಂದು ಫೋಟೋ ಕೊಟ್ಟೆ. ಹೆಡ್‌ಮಾಸ್ಟರು ಅದನ್ನು ಬೆಳಕಿಗೆ ಹಿಡಿದರು. ಮೂರು ಗೆರೆ ಕಂಡದ್ದೇ ತಡ, ವಿಭೂತಿಯ ಹಾಗೇ ಇದೆಯಲ್ಲ, ಯಾರದು ಎಂದರು. ಯಾರೂ ಮುಟ್ಟದ್ದು ಎಂದೆ. ಹಾಗಾದರೆ ದೇವರದು ಎಂದು ತೀರ್ಮಾನಿಸಿದರು. ಆಮೇಲೆ ತಮ್ಮ ಸಾಲಿನ ಕಲೆ ನೋಡಿ ಮುಖ ಸಣ್ಣದು ಮಾಡಿಕೊಂಡರು. ರಾಚಯ್ಯನದು ಕಲೆ, ಟೀ ಅಂಗಡಿಯದು ಕಲೆ, ಮೇಡಮ್ಮಿನದೂ ಕಲೆ. ಎರಡನೆಯದು ಮಾತ್ರ ಸ್ವಚ್ಛ ಕಪ್ಪು, ಒಂದು ಚುಕ್ಕೆಯೂ ಇಲ್ಲ. ಸಿದ್ದಮಲ್ಲಪ್ಪ ಫೋಟೋವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

"ನಾನ್ ಏಳ್ಲಿಲ್ವಾ," ಎಂದರು, ಅಷ್ಟೆ. ಕಣ್ಣಲ್ಲಿ ನೀರು ಬಂದಿತ್ತು.

ನಿಜ ಹೇಳಲು ಹೊರಟು ಹೊಲದ ಕಡೆ ನೋಡಿದೆ. ಬದುವಿನಾಚೆ ನನ್ನ ರಾಗಿ ಎಲೆ ಸುರುಟಿಕೊಂಡು ನಿಂತಿತ್ತು, ಇನ್ನೊಂದೇ ವಾರ. ನೀಲಕಂಠಸ್ವಾಮಿಯವರ ಪ್ರಮಾಣಪತ್ರವೂ ನನ್ನ ಚೀಲದಲ್ಲೇ ಇತ್ತು. ಅದರಲ್ಲಿ ಸುಳ್ಳು ಒಂದಕ್ಷರವಿಲ್ಲ: "ಮಾದರಿ ಸಂಖ್ಯೆ ಎರಡರಲ್ಲಿ ಯಾವುದೇ ಅಂಶವು ಉಳಿದಿರುವುದಿಲ್ಲ ಎಂದು ಈ ಮೂಲಕ ದೃಢೀಕರಿಸಲಾಗಿದೆ." ದುಂಡು ಮೊಹರು, ಹಸಿರು ಶಾಯಿಯ ಸಹಿ. ತೆಗೆದು ಕೊಟ್ಟುಬಿಟ್ಟೆ. ಮಾರನೆಯ ದಿನವೇ ಅದಕ್ಕೆ ಗಾಜು ಹಾಕಿಸಿ ನಡುಮನೆಯಲ್ಲಿ ತಾತ ಮುತ್ತಾತರ ಪಕ್ಕ ತೂಗುಹಾಕಿದರು, ಹೂವಿನ ಹಾರವನ್ನೂ ಹಾಕಿದರು.

ಫೋಟೋ ಕೊಟ್ಟ ದಿನ ನನ್ನ ಕ್ಯಾನು ಹೊತ್ತುಕೊಂಡು ರಾಚಯ್ಯ ಬಸ್ಸಿನ ತನಕ ಬಂದ. ರಸ್ತೆ ಮುಟ್ಟಿದ ಮೇಲೆ ಕ್ಯಾನು ಇಳಿಸಿ ಕೇಳಿದ:

"ದಿಟವಾಗ್ಲೂ ಅವ್ರ ಕೈ ಅಷ್ಟು ಚೊಕ್ಕವಾ ಕೂಸೆ? ಆವತ್ತು ಎಲ್ಲಾರ್ದೂ ಒಂದೇ ಅಂದಿದ್ದೆಲ್ಲಾ."

"ಬಸ್ಸು ಬಂತು ರಾಚಯ್ಯಣ್ಣ," ಎಂದೆ.

ಬಸ್ಸು ಬಂದಿರಲಿಲ್ಲ. ಇನ್ನೂ ಇಪ್ಪತ್ತು ನಿಮಿಷ ಇಬ್ಬರೂ ಖಾಲಿ ರಸ್ತೆಯನ್ನು ನೋಡುತ್ತ ನಿಂತೆವು. ನನ್ನ ಬಗ್ಗೆ ನನಗೆ ಅಷ್ಟು ಹೇಸಿಗೆಯಾದದ್ದು ಅದಕ್ಕೆ ಮೊದಲು ಇಲ್ಲ, ಆಮೇಲೂ ಇಲ್ಲ.

ಇಪ್ಪತ್ತೊಂದನೆಯ ದಿನ ಮೊದಲ ಬಸ್ಸಿಗೇ ಹೊರಟೆ. ಬೆಟ್ಟದ ತಲೆಯ ಮೇಲೆ ಮಂಜು ಇನ್ನೂ ಕೂತಿತ್ತು. ಊರ ರಾಗಿ ಬಾಡಿದ್ದರೂ ಹಸಿರಾಗಿ ನಿಂತಿತ್ತು, ಸರ್ಕಾರಿ ರಾಗಿ ತುದಿಯಿಂದ ಒಣಗಿತ್ತು. ಅದನ್ನು ನೋಡಿ ಹಿಗ್ಗುತ್ತಿರುವಾಗಲೇ ಮನೆಯ ಕಡೆಯಿಂದ ಒಂದು ಸಣ್ಣ ಮೆರವಣಿಗೆ ಹೊರಟು ಬಂತು. ಮುಂದೆ ಸಿದ್ದಮಲ್ಲಪ್ಪ, ಒದ್ದೆ ತಲೆ, ಮಡಿ ಪಂಚೆ, ಎರಡೂ ಅಂಗೈಗೆ ವಿಭೂತಿ, ಕೈಯಲ್ಲಿ ಹಿತ್ತಾಳೆ ತಟ್ಟೆ. ಹಿಂದೆ ಹೆಡ್‌ಮಾಸ್ಟರು, ಟೀ ಅಂಗಡಿಯವರು. ಜಗಲಿಯಿಂದ ಚಿಕ್ಕಮಲ್ಲಮ್ಮ ಬ್ಯಾಡ ಎಂದದ್ದು ನನಗೇ ಕೇಳಿಸಿತು. ಸಿದ್ದಮಲ್ಲಪ್ಪ ಕೇಳಿಸದವರ ಹಾಗೆ ಬದು ದಾಟಿದರು.

ಅವರ ಮುಖದಲ್ಲಿ ಎಂಥ ಪ್ರೀತಿಯಿತ್ತೆಂದರೆ, ಅಷ್ಟು ದಿನದಲ್ಲಿ ಅದನ್ನು ನಾನು ಕಂಡಿರಲಿಲ್ಲ.

"ಇವತ್ತು ಕೊನೇ ದಿನ. ನಿಮ್ ರಬ್ಬರ್ ಕೈ ಯಾಕೆ ಮೇಡಮ್ಮೋರೆ? ಊರ್ಗೆಲ್ಲ ಚೊಕ್ಕವಾದ ಕೈನೇ ಐತಲ್ಲ. ನಾನೇ ಕಿತ್ಕೊಡ್ತೀನಿ."

ಸುಮ್ಮನಿದ್ದರೆ ಆ ಬೂದಿಗೈ ಗುರುತಿನ ನಲವತ್ತೆಂಟು ಗಿಡವನ್ನೂ ಮುಟ್ಟುತ್ತದೆ, ಎಲೆ ಹೋಯಿತು. ನಿಜ ಹೇಳಿದರೆ ಆ ಕೈ ಹಸಿರು ಗುಂಡಿ ಒತ್ತುತ್ತದೆ, ಆಗಲೂ ಎಲೆ ಹೋಯಿತು. ಎರಡರಲ್ಲೂ ನಾನು ಮುಳುಗಿದೆ ಎಂದು ತಿಳಿದಾಗ ವಿಚಿತ್ರವಾಗಿ ಧೈರ್ಯ ಬಂತು. ರಾಗಿ ಸಾಲಿನ ಕೊನೆಯಲ್ಲಿ ರಾಚಯ್ಯ ನಾನು ಕೊಟ್ಟಿದ್ದ ಗ್ಲೌಸು ತೊಟ್ಟು, ಕೈಗಳನ್ನು ಗಾಳಿಯಲ್ಲಿ ಎತ್ತಿಕೊಂಡು ನಿಂತಿದ್ದ.

"ಯಜಮಾನ್ರೇ, ಆ ಫೋಟೋದಲ್ಲಿ ಕಲೆ ಅಂತ ಕಂಡದ್ದು ಕೊಳೆಯಲ್ಲ," ಎಂದೆ. "ಕೈ ಮುಟ್ಟಿದ ಮೇಲೂ ಉಳಿದುಕೊಂಡ ಚೂರು ಅದು. ನಿಮ್ಮದರಲ್ಲಿ ಆ ಚೂರೂ ಉಳೀಲಿಲ್ಲ. ಎಲ್ಲರಿಗಿಂತ ಹೆಚ್ಚು ಕೆಡಿಸಿದ್ದು ನಿಮ್ಮ ಕೈ. ರಾಚಯ್ಯಣ್ಣಂದೂ ನಂದೂ ಒಂದೇ ಥರ ಇದ್ದವು. ಆವತ್ತೇ ಹೇಳಬೇಕಿತ್ತು. ಹೆದರಿಕೊಂಡು ಹೇಳಲಿಲ್ಲ."

ಸಿದ್ದಮಲ್ಲಪ್ಪ ತಟ್ಟೆಯನ್ನು ಬಗ್ಗಿ ನೆಲದ ಮೇಲಿಟ್ಟರು. ತಿರುಗಿ ಪಂಪ್‌ಮನೆಯ ಕಡೆ ನಡೆದರು. ಹೆಡ್‌ಮಾಸ್ಟರು ಅವರ ಹಿಂದೆ ಎರಡು ಹೆಜ್ಜೆ ಹೋಗಿ ನಿಂತುಬಿಟ್ಟರು. ನಾನು ರಾಗಿಯ ನಡುವೆ ಕೂತುಬಿಟ್ಟೆ. ನಲವತ್ತೆಂಟು ಎಲೆ ಕಿತ್ತು ಮುಳುಗಿಸಲು ಮುಕ್ಕಾಲು ಗಂಟೆ ಬೇಕು, ನೀರು ಬುಡಕ್ಕೆ ಬರಲು ಐದು ನಿಮಿಷ ಸಾಕು. ಅವರು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ತೆಗೆದರು.

"ಬ್ಯಾಡ," ಎಂದಳು ಜಗಲಿಯಿಂದ ಚಿಕ್ಕಮಲ್ಲಮ್ಮ.

ಸಿದ್ದಮಲ್ಲಪ್ಪನವರ ಬೆರಳು ಗುಂಡಿಯ ಮೇಲೆಯೇ ನಿಂತಿತು. ಅವರು ತಾಯಿಯ ಕಡೆ ತಿರುಗಲಿಲ್ಲ, ಬೆರಳನ್ನೂ ತೆಗೆಯಲಿಲ್ಲ. ಆಗ ನಲವತ್ತು ವರ್ಷದಲ್ಲಿ ಆಗದೇ ಇದ್ದದ್ದು ಆಯಿತು. ಮುದುಕಿ ಕಾರಣ ಹೇಳಿದಳು.

"ನೀನ್ ನೀರ್ ಬುಟ್ರೆ ಆ ಮಗ ಇನ್ನೊಂದ್ ವರ್ಸ ಬರ್ಬೇಕು ಕಣ್ಲಾ. ಇನ್ನೊಂದ್ ವರ್ಸ ಅವ್ಳ ಮುಂದ್ಕೆ ಆ ಪ್ಲಾಸ್ಟಿಕ್ ಲೋಟ ಇಡ್ಸೋಕೆ ನನ್ ಕೈಲಿ ಆಗಕಿಲ್ಲ."

ಸಿದ್ದಮಲ್ಲಪ್ಪ ಬೆರಳು ತೆಗೆದರು. ಪಂಪ್‌ಮನೆಯ ಕಟ್ಟೆಯ ಮೇಲೆ ಕೂತು, ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೋಡುತ್ತ ಉಳಿದರು. ರಾಚಯ್ಯ ನನ್ನ ಹತ್ತಿರ ಬಂದು, ಎದ್ದೇಳು ಕೂಸೆ, ಹೊತ್ತಾಯಿತು ಎಂದ. ಎಲ್ಲರ ಎದುರಿಗೇ ಕೂಸೆ ಎಂದ. ನಾನು ಎಲೆ ಕಿತ್ತೆ, ಅವನು ಕ್ಯಾನಿನ ಮುಚ್ಚಳ ತೆಗೆದು ಒಳಗೆ ಹಾಕಿದ. ನಲವತ್ತೆಂಟು ಎಲೆಗಳೂ ಬುಸ್ಸೆಂದು ಹೊಗೆಯೊಳಗೆ ಇಳಿದವು.

ಕೆಲಸ ಮುಗಿಸಿ ಜಗಲಿಗೆ ಬಂದಾಗ ಚಿಕ್ಕಮಲ್ಲಮ್ಮ ತಾನೇ ಎದ್ದು ಹೋಗಿ, ಅಟ್ಟದಿಂದ ಎರಡು ಚೊಂಬು ಇಳಿಸಿ, ನೀರು ತುಂಬಿಕೊಂಡು ಬಂದಿದ್ದಳು. ಒಂದನ್ನು ರಾಚಯ್ಯನಿಗೆ ಚಾಚಿದಳು, ಒಂದನ್ನು ನನಗೆ. ನಾನು ಗ್ಲೌಸಿನ ಕೈಯನ್ನೇ ಮುಂದಕ್ಕೆ ಮಾಡಿದೆ.

"ಅದ ಬಿಚ್ಚಾಕು ಕಣಮ್ಮಿ," ಎಂದಳು.

ಬಿಚ್ಚಿದೆ. ಬೆವರಿ ಸುಕ್ಕಾಗಿದ್ದ ಕೈಯಲ್ಲಿ ಚೊಂಬು ಹಿಡಿದಾಗ ಅವಳ ಬೆರಳು ತಾಗಿದವು, ಒಣಗಿದ ಬೆರಳು, ಅವಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕುಡಿಯುವಾಗ ನನಗೆ ಅಳು ಬಂತು, ಅರ್ಧ ನೀರು ಎದೆಯ ಮೇಲೆ ಸುರಿಯಿತು. ರಾಚಯ್ಯ ಚೊಂಬನ್ನು ಎತ್ತಿ ಹಿಡಿದು ಗಟಗಟ ಪೂರ್ತಿ ಕುಡಿದು, ಬೋರಲು ಹಾಕಿ ಜಗಲಿಯ ಮೇಲೆ, ಅಂಚಿನಲ್ಲಲ್ಲ, ನಡುವೆ ಇಟ್ಟ.

ಚಿಕ್ಕಮಲ್ಲಮ್ಮ ಮತ್ತೆ ಕಂಬಕ್ಕೊರಗಿ ಕೂತು ಹೊಲದ ಕಡೆ ನೋಡಿದಳು. ಸುರುಟಿಕೊಂಡಿದ್ದ ರಾಗಿಯನ್ನು ನೋಡಿದಳು, ಪಂಪ್‌ಮನೆಯ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ ಅರವತ್ತು ವರ್ಷದ ಮಗನನ್ನು ನೋಡಿದಳು.

"ಈಗ ಬುಡ್ಲಾ ನೀರ," ಎಂದಳು.

ಸಿದ್ದಮಲ್ಲಪ್ಪ ಎದ್ದು ಗುಂಡಿ ಒತ್ತಿದರು. ಮೋಟಾರು ಎರಡು ಸಲ ಕೆಮ್ಮಿ ಶುರುವಾಯಿತು.